ವೇಗಕ್ಕಾಗಿ ಕಾವಲನ್ನು ಬಿಡಬಹುದೆ?

ಯಂತ್ರವೊಂದು ಕೆಟ್ಟು ನಿಂತಾಗ ಅದನ್ನು ಮತ್ತೆ ಚಾಲೂ ಮಾಡಿಬಿಟ್ಟರೆ ಕೆಲಸ ಮುಗಿಯಿತೆಂದು ಭಾವಿಸುವುದು ನಮ್ಮಲ್ಲಿ ಬಹುಮಂದಿಯ ಅಭ್ಯಾಸ. ಗಣಕಗಳ ವಿಷಯದಲ್ಲಂತೂ ಇದು ಒಂದು ವಿದ್ಯೆಯೋ ಎಂಬಂತೆ ಬೆಳೆದುಬಿಟ್ಟಿದೆ. ಆದರೆ ಕೆಲವು ದೋಷಗಳು ಕಾಣಿಸಿಕೊಂಡ ಗಳಿಗೆಯಲ್ಲಿ ಅವನ್ನು ಹಿಡಿಯದೆ ಬಿಟ್ಟರೆ, ಮುಂದೆ ಕಾಣಿಸಿಕೊಳ್ಳದೆಯೇ ಕೇಡು ಮಾಡುತ್ತವೆ. ಅತಿ ವೇಗದ ಜಾಲಗಳಲ್ಲಿ ಪ್ಯಾಕೆಟ್ಟುಗಳನ್ನು ಸಾಗಿಸುವ ತಂತ್ರಾಂಶದ ಮೆಮೊರಿ ದೋಷಗಳು ಈ ಜಾತಿಯವು. ಅವನ್ನು ಹೇಗೆ ಹುಡುಕಬೇಕು, ಹುಡುಕುವ ಶ್ರಮವನ್ನು ಏಕೆ ಉಳಿಸಬಾರದು ಎಂಬುದನ್ನು ಕುರಿತು ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಬಯಸುತ್ತೇವೆ.

ಒಂದು ಗಣಕದಿಂದ ಇನ್ನೊಂದಕ್ಕೆ ಹೋಗುವ ಪತ್ರ, ಚಿತ್ರ, ಬ್ಯಾಂಕಿನ ಲೆಕ್ಕ ಎಲ್ಲವೂ ಪ್ಯಾಕೆಟ್ಟುಗಳೆಂಬ ಸಣ್ಣ ಸಣ್ಣ ಕಟ್ಟುಗಳಾಗಿ ಸಾಗುತ್ತವೆಂಬುದನ್ನು ವಾಚಕರು ಬಲ್ಲರು. ಈಥರ್ನೆಟ್ ಜಾಲದಲ್ಲಿ ಅತಿ ಚಿಕ್ಕ ಕಟ್ಟು 64 ಬೈಟುಗಳದು. ಅದರ ಮುಂದೆ ಬರುವ ಗುರುತನ್ನೂ ಎರಡು ಕಟ್ಟುಗಳ ನಡುವಣ ತೆರಪನ್ನೂ ಸೇರಿಸಿದರೆ ಅದು ತಂತಿಯ ಮೇಲೆ ಹಿಡಿಯುವ ಸ್ಥಳ 84 ಬೈಟು, ಎಂದರೆ 672 ಬಿಟ್. ಸೆಕೆಂಡಿಗೆ ಸಾವಿರ ಕೋಟಿ ಬಿಟ್‌ಗಳನ್ನು ಸಾಗಿಸುವ 10 ಗಿಗಾಬಿಟ್ ತಂತಿಯಲ್ಲಿ ಇಂಥ ಸುಮಾರು 1 ಕೋಟಿ 48 ಲಕ್ಷ 80 ಸಾವಿರ ಕಟ್ಟುಗಳು ಒಂದು ಸೆಕೆಂಡಿನಲ್ಲಿ ಬರಬಲ್ಲವು. ಹಾಗಾದರೆ ಒಂದೊಂದು ಕಟ್ಟಿಗೆ ದೊರೆಯುವ ಕಾಲ 67.2 ನ್ಯಾನೊಸೆಕೆಂಡು. ಸೆಕೆಂಡಿಗೆ 300 ಕೋಟಿ ಬಾರಿ ಮಿಡಿಯುವ ಸಂಸ್ಕಾರಕವು ಈ ಅವಧಿಯಲ್ಲಿ ಇನ್ನೂರು ಸಲ ಮಾತ್ರ ಮಿಡಿದಿರುತ್ತದೆ. ಮುಖ್ಯ ಮೆಮೊರಿಯಿಂದ ಒಂದು ಅಂಶವನ್ನು ತರಿಸಿಕೊಳ್ಳಲು ಹೆಚ್ಚುಕಡಮೆ ಅಷ್ಟೇ ಕಾಲ ಹಿಡಿಯುತ್ತದೆ. 100 ಗಿಗಾಬಿಟ್ ತಂತಿಯಲ್ಲಿ ಈ ಅವಧಿಯು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇಷ್ಟು ಕಡಮೆ ಕಾಲದಲ್ಲಿ ಪ್ರತಿಯೊಂದು ಕಟ್ಟಿಗೂ ಕರ್ನೆಲ್ಲಿನ ಅಪ್ಪಣೆ ಪಡೆಯುವುದು ಆಗದ ಮಾತು. ಗಣಕದ ಸಾಧನಗಳನ್ನೂ ಮೆಮೊರಿಯನ್ನೂ ಆಳುವ ಮೂಲ ತಂತ್ರಾಂಶವೇ ಕರ್ನೆಲ್. ಅದನ್ನು ಬಳಸಿ ಸುತ್ತುಹೋಗುವ ಬದಲು ಸಾಮಾನ್ಯ ಪ್ರೋಗ್ರಾಮೇ ಜಾಲದ ಕಾರ್ಡಿನೊಡನೆ ನೇರವಾಗಿ ವ್ಯವಹರಿಸುವ ಉಪಾಯವನ್ನು ಇಂಜಿನಿಯರುಗಳು ಕಂಡುಕೊಂಡರು. ಇವುಗಳಲ್ಲಿ ಹೆಸರಾದದ್ದು ಡಿಪಿಡಿಕೆ. ಇಂಟೆಲ್ ಸಂಸ್ಥೆಯಲ್ಲಿ ಹುಟ್ಟಿ 2010ರಲ್ಲಿ ಹೊರಬಂದ ಈ ತಂತ್ರಾಂಶ ಸಂಗ್ರಹವು 2017ರಲ್ಲಿ ಲಿನಕ್ಸ್ ಫೌಂಡೇಷನ್ನಿನ ಆಶ್ರಯಕ್ಕೆ ಸೇರಿತು. ಇದರಲ್ಲಿ ಕಾರ್ಡು ಸಂಸ್ಕಾರಕವನ್ನು ಎಚ್ಚರಿಸುವುದಿಲ್ಲ. ಪ್ರೋಗ್ರಾಮೇ ಬಿಡುವಿಲ್ಲದೆ ಕಾರ್ಡನ್ನು ನೋಡುತ್ತ, ಬಂದ ಕಟ್ಟುಗಳನ್ನು ಗುಂಪುಗುಂಪಾಗಿ ಎತ್ತಿಕೊಳ್ಳುತ್ತದೆ. ವೇಗವೇನೋ ದೊರೆಯಿತು. ಅದಕ್ಕೆ ತೆತ್ತ ಬೆಲೆ ಯಾವುದೆಂಬುದನ್ನು ಈಗ ನೋಡೋಣ.

ಸಾಮಾನ್ಯವಾಗಿ ಗಣಕದ ಮೆಮೊರಿಯು 4 ಕಿಲೋಬೈಟಿನ ಪುಟಗಳಾಗಿ ಹಂಚಿಹೋಗಿರುತ್ತದೆ. ಯಾವ ಪುಟ ಯಾವ ಪ್ರೋಗ್ರಾಮಿಗೆ ಸಲ್ಲತಕ್ಕದ್ದೆಂಬ ಲೆಕ್ಕವನ್ನು ಕರ್ನೆಲ್ ಇಟ್ಟಿರುತ್ತದೆ. ಪ್ರೋಗ್ರಾಮು ತನ್ನದಲ್ಲದ ಪುಟವನ್ನು ಮುಟ್ಟಿದೊಡನೆ ಸಂಸ್ಕಾರಕವು ಕೆಲಸ ನಿಲ್ಲಿಸಿ ದೂರು ಕೊಡುತ್ತದೆ; ಕರ್ನೆಲ್ ಆ ಪ್ರೋಗ್ರಾಮನ್ನು ಕೊನೆಗಾಣಿಸುತ್ತದೆ. ಇದನ್ನೇ ಸೆಗ್ಮೆಂಟೇಷನ್ ಫಾಲ್ಟ್ ಎಂದು ಕರೆಯುವರು. ವಿದ್ಯಾರ್ಥಿಗಳು ಇದನ್ನು ಶತ್ರುವೆಂದು ತಿಳಿಯುವುದುಂಟು. ನಮ್ಮ ಮತದಲ್ಲಿ ಇದು ಶತ್ರುವಲ್ಲ. ಕಳ್ಳನನ್ನು ಕಂಡ ಕಾವಲುಗಾರನ ಕೂಗು. ಕೂಗಿದ್ದಕ್ಕೆ ಕಾವಲುಗಾರನನ್ನು ಬೈದು ಪ್ರಯೋಜನವಿಲ್ಲ.

ಡಿಪಿಡಿಕೆಯಂಥ ತಂತ್ರಾಂಶದಲ್ಲಿ ಈ ಕಾವಲು ಇದ್ದೂ ಇಲ್ಲದಂತಾಗುತ್ತದೆ. ಪುಟಗಳ ಲೆಕ್ಕವನ್ನು ಮತ್ತೆ ಮತ್ತೆ ನೋಡುವ ಶ್ರಮ ತಪ್ಪಲೆಂದು ಅಲ್ಲಿ 2 ಮೆಗಾಬೈಟಿನ ಅಥವಾ 1 ಗಿಗಾಬೈಟಿನ ಮಹಾಪುಟಗಳನ್ನು ಬಳಸುತ್ತಾರೆ. 2 ಮೆಗಾಬೈಟಿನ ಪುಟವು ಸಾಮಾನ್ಯ ಪುಟಕ್ಕಿಂತ 512 ಪಟ್ಟು ದೊಡ್ಡದು. ಅದರೊಳಗೆ ಪ್ಯಾಕೆಟ್ಟುಗಳನ್ನಿರಿಸುವ ಬಫರುಗಳು, ರೂಢಿಯ ಅಳತೆಯಲ್ಲಿ 2,176 ಬೈಟುಗಳಂತೆ, ಸಾಲಾಗಿ ಕುಳಿತಿರುತ್ತವೆ. ಒಂದು ಬಫರಿನ ಎಲ್ಲೆಯನ್ನು ಮೀರಿ ಬರೆದರೆ ಆ ಬರೆಹವು ಪಕ್ಕದ ಬಫರಿನ ಮೇಲೆ ಬೀಳುತ್ತದೆ. ಎರಡೂ ಅದೇ ಪ್ರೋಗ್ರಾಮಿನ ಸ್ವತ್ತಾದುದರಿಂದ ಕಾವಲುಗಾರನು ಸುಮ್ಮನಿರುತ್ತಾನೆ. ಮನೆಯೊಳಗಿನ ಜಗಳಕ್ಕೆ ಊರ ಕಾವಲುಗಾರನೇಕೆ ಬಂದಾನು?

ಇದರಿಂದ ಹುಟ್ಟುವ ದೋಷಗಳಲ್ಲಿ ಮುಖ್ಯವಾದುವು ಮೂರು. ಮೊದಲನೆಯದು, ಬಿಟ್ಟುಕೊಟ್ಟ ಬಫರನ್ನು ಮತ್ತೆ ಬಳಸುವುದು. ಛತ್ರದ ಕೋಣೆಯನ್ನು ಖಾಲಿ ಮಾಡಿದವನು ಬೀಗದ ಕೈಯನ್ನು ಮಾತ್ರ ಹಿಂದಿರುಗಿಸದೆ, ಮರುದಿನ ಬಂದು ಅದೇ ಕೋಣೆಯಲ್ಲಿ ತನ್ನ ಗಂಟನ್ನಿಟ್ಟರೆ ಏನಾಗುವುದೋ ಇಲ್ಲಿಯೂ ಅದೇ. ಕೋಣೆ ಈಗ ಬೇರೆಯವರದು, ಗಂಟುಗಳು ಬೆರೆತುಹೋಗುತ್ತವೆ. ಎರಡನೆಯದು, ಉದ್ದವನ್ನು ನಂಬುವುದು. 9,000 ಬೈಟುಗಳ ದೊಡ್ಡ ಪ್ಯಾಕೆಟ್ಟು ಒಂದು ಬಫರಿನಲ್ಲಿ ಹಿಡಿಯದು. ಅದನ್ನು ಹಲವು ಬಫರುಗಳ ಸರಪಣಿಯಾಗಿ ಇಡುತ್ತಾರೆ. ಇಡೀ ಪ್ಯಾಕೆಟ್ಟಿನ ಉದ್ದ ಒಂದು, ಮೊದಲ ತುಂಡಿನ ಉದ್ದ ಇನ್ನೊಂದು. ಇವೆರಡನ್ನೂ ಒಂದೆಂದು ಎಣಿಸಿ ಓದುತ್ತ ಹೋದ ಪ್ರೋಗ್ರಾಮು ಮೊದಲ ತುಂಡನ್ನು ದಾಟಿ ಪರರ ಮಾತನ್ನು ತನ್ನದೆಂದು ಓದುತ್ತದೆ. ಮೂರನೆಯದು, ಕಾರ್ಡಿಗೇ ತಪ್ಪು ವಿಳಾಸ ಕೊಡುವುದು. ಕಾರ್ಡು ಸಂಸ್ಕಾರಕವನ್ನು ಕೇಳದೆ ಮೆಮೊರಿಗೆ ನೇರವಾಗಿ ಬರೆಯುತ್ತದೆ. ಅದನ್ನು ತಡೆಯಬಲ್ಲದ್ದು ಐಒಎಂಎಂಯು ಎಂಬ ಬೇರೊಂದು ಕಾವಲು. ಅದು ಇದ್ದಲ್ಲಿ ತಪ್ಪು ಬರೆಹವು ನಿಲ್ಲುತ್ತದೆ, ಕರ್ನೆಲ್ಲಿನ ದಿನಚರಿಯಲ್ಲಿ ಅದರ ವಿಳಾಸವೂ ದಾಖಲಾಗುತ್ತದೆ. ಅನುಕೂಲಕ್ಕೆಂದು ಅದನ್ನು ಆರಿಸಿಟ್ಟಲ್ಲಿ ಕಾರ್ಡು ಕರ್ನೆಲ್ಲಿನ ಮೆಮೊರಿಯನ್ನೇ ಅಳಿಸಿಬಿಡಬಹುದು.

ಈ ಮೂರರಲ್ಲಿಯೂ ಒಂದು ಸಮಾನ ಗುಣವಿದೆ: ತಪ್ಪು ನಡೆದ ಸ್ಥಳ ಬೇರೆ, ಪ್ರೋಗ್ರಾಮು ಸತ್ತ ಸ್ಥಳ ಬೇರೆ. ಇಂದು ಹಾಳಾದ ಒಂದು ವಿಳಾಸವನ್ನು ಹತ್ತು ಲಕ್ಷ ಕಟ್ಟುಗಳ ತರುವಾಯ ಮತ್ತಾವುದೋ ಭಾಗವು ನಂಬಿ ಮುಗ್ಗರಿಸುತ್ತದೆ. ಆಗ ಮುಗ್ಗರಿಸಿದ ಭಾಗವನ್ನೇ ದೂಷಿಸಿ, ಅಲ್ಲೊಂದು ತೇಪೆ ಹಾಕಿ ಸಮಾಧಾನಪಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಹಾಗಾದರೆ ಹುಡುಕುವ ಕ್ರಮ ಯಾವುದು? ಮೊದಲು ಸಾಕ್ಷ್ಯವನ್ನು ಉಳಿಸಿಕೊಳ್ಳತಕ್ಕದ್ದು. ಪ್ರೋಗ್ರಾಮು ಸಾಯುವಾಗ ಅದರ ಮೆಮೊರಿಯ ಪ್ರತಿಯನ್ನು ಕೋರ್ ಕಡತವಾಗಿ ಬರೆದಿಡಬಹುದು. ಆದರೆ ಲಿನಕ್ಸಿನ ರೂಢಿಯ ಏರ್ಪಾಟಿನಲ್ಲಿ ಹಂಚಿಕೊಂಡ ಮಹಾಪುಟಗಳು ಈ ಕಡತಕ್ಕೆ ಸೇರುವುದಿಲ್ಲ. ಪ್ಯಾಕೆಟ್ಟುಗಳಿರುವುದು ಸಾಧಾರಣವಾಗಿ ಅಲ್ಲಿಯೇ! ಏರ್ಪಾಟನ್ನು ಮೊದಲೇ ಬದಲಿಸದಿದ್ದವರು ಹೆಣವಿಲ್ಲದ ಮರಣೋತ್ತರ ಪರೀಕ್ಷೆ ಮಾಡಬೇಕಾಗುತ್ತದೆ. ಎರಡನೆಯದಾಗಿ, ಸಮಸ್ಯೆಯನ್ನು ಕಿರಿದುಮಾಡಬೇಕು. ಹಲವು ಸಂಸ್ಕಾರಕಗಳಲ್ಲಿ ನಡೆಯುತ್ತಿರುವುದನ್ನು ಒಂದರಲ್ಲಿ ನಡೆಸಿ ನೋಡಬೇಕು. ಆಗ ದೋಷ ಮಾಯವಾದರೆ ಇಬ್ಬರು ಒಂದೇ ಬಫರಿಗೆ ಕೈಹಾಕುತ್ತಿರುವರೇ ಎಂದು ಶಂಕಿಸಬೇಕು. ಮೂರನೆಯದಾಗಿ, ಕಾವಲನ್ನು ಮರಳಿ ಕರೆತರಬೇಕು. ಡಿಪಿಡಿಕೆಯ ಬಫರು ಸಂಗ್ರಹಕ್ಕೆ ಪರೀಕ್ಷೆಯ ಕ್ರಮವೊಂದುಂಟು. ಅದನ್ನು ಸೇರಿಸಿ ಕಟ್ಟಿದರೆ ಪ್ರತಿಯೊಂದು ಬಫರಿನ ತಲೆಗೂ ಬಾಲಕ್ಕೂ ಗೊತ್ತಾದ ಮುದ್ರೆಯೊಂದು ಬೀಳುತ್ತದೆ. ಬಾಲದ ಮುದ್ರೆ ಅಳಿಸಿದ್ದರೆ ಎಲ್ಲೆ ಮೀರಿದವರುಂಟೆಂದು ಅರ್ಥ. ಬಫರು ಬಿಡುವಾಗಿದೆಯೇ ಬಳಕೆಯಲ್ಲಿದೆಯೇ ಎಂಬುದನ್ನು ತಲೆಯ ಮುದ್ರೆ ಹೇಳುವುದರಿಂದ, ಒಂದೇ ಬಫರನ್ನು ಎರಡು ಸಲ ಹಿಂದಿರುಗಿಸಿದವನು ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಅಡ್ರೆಸ್ ಸ್ಯಾನಿಟೈಸರ್ ಎಂಬ ಇನ್ನೊಂದು ಉಪಕರಣವೂ ಇದೆ. ಅದು ಪ್ರೋಗ್ರಾಮನ್ನು ಸುಮಾರು ಎರಡು ಪಟ್ಟು ನಿಧಾನಗೊಳಿಸುತ್ತದೆ. ಆದರೆ ಸಂಗ್ರಹದೊಳಗಣ ಕೊಡುಕೊಳ್ಳುವಿಕೆಯನ್ನು ತಾನಾಗಿಯೇ ಅರಿಯದಾದುದರಿಂದ, ಅದು ಮೌನವಾಗಿದ್ದ ಮಾತ್ರಕ್ಕೆ ನಿಶ್ಚಿಂತರಾಗಲಾಗದು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ವೇಗಕ್ಕಾಗಿಯೇ ಬಿಟ್ಟ ಕಾವಲನ್ನು ಮರಳಿ ತಂದರೆ ವೇಗವೆಲ್ಲಿ ಉಳಿಯಿತು? ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಇನ್ನೂರು ಮಿಡಿತಗಳ ಬಡತನದಲ್ಲಿ ಮುದ್ರೆಗಳ ಪರೀಕ್ಷೆಗೆ ತಾವಿಲ್ಲ. ಆದರೆ ಎಲ್ಲ ಪರೀಕ್ಷೆಗಳೂ ಒಂದೇ ಬೆಲೆಯವಲ್ಲ. ಉದ್ದವನ್ನು ಒಮ್ಮೆ ಹೋಲಿಸಿ ನೋಡಲು ಒಂದೆರಡು ಮಿಡಿತ ಸಾಕು; ಮುಖ್ಯ ಮೆಮೊರಿಗೆ ಒಮ್ಮೆ ಹೋಗಿಬರುವ ಕಾಲದಲ್ಲಿ ಅಂಥ ನೂರು ಹೋಲಿಕೆಗಳನ್ನು ಮಾಡಬಹುದು. ಲಿನಕ್ಸಿನಲ್ಲಿ 2016ರಿಂದ ಬಳಕೆಗೆ ಬಂದ ಎಕ್ಸ್‌ಡಿಪಿ ಪದ್ಧತಿಯು ಇನ್ನೂ ಕಟ್ಟುನಿಟ್ಟು. ಪ್ಯಾಕೆಟ್ಟಿನ ಕೊನೆ ಎಲ್ಲಿಯೆಂದು ಹೋಲಿಸಿ ನೋಡದೆ ಅದನ್ನು ಓದುವ ಪ್ರೋಗ್ರಾಮನ್ನು ಅಲ್ಲಿನ ಪರೀಕ್ಷಕವು ಒಳಕ್ಕೇ ಬಿಡುವುದಿಲ್ಲ. ಪೀಸಾ ವಿಶ್ವವಿದ್ಯಾಲಯದ ಲೂಯಿಜಿ ರಿಟ್ಸೊ ಅವರು 2012ರಲ್ಲಿ ವಿವರಿಸಿದ ನೆಟ್‌ಮ್ಯಾಪ್, ಕಾರ್ಡಿನ ಆಡಳಿತವನ್ನು ಕರ್ನೆಲ್ಲಿನಲ್ಲಿಯೇ ಉಳಿಸಿಕೊಂಡೂ 10 ಗಿಗಾಬಿಟ್ ತಂತಿಯನ್ನು ಒಂದೇ ಸಂಸ್ಕಾರಕದಿಂದ ತುಂಬಿಸಿತು. ವೇಗ ಮತ್ತು ಎಚ್ಚರ ಒಂದೆಡೆ ಬಾಳಲಾರವೆಂಬ ಮಾತು ಇದರಿಂದ ಸುಳ್ಳಾಯಿತು.

ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ ನಿದರ್ಶನಗಳು ಬೇಕಷ್ಟಿವೆ. 2014ರ ಏಪ್ರಿಲಿನಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ದೋಷವು ಪ್ಯಾಕೆಟ್ ಸಾಗಣೆಯ ತಂತ್ರಾಂಶದ್ದಲ್ಲ, ಗುಪ್ತಲಿಪಿಯ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ್ದು. ಆದರೆ ಅದರ ಮೂಲ ಒಂದೇ: ಬಂದ ಸಂದೇಶವು ಹೇಳಿಕೊಂಡ ಉದ್ದವನ್ನು ಪರೀಕ್ಷಿಸದೆ ನಂಬಿದ್ದು. ಪ್ರತಿ ಸಲಕ್ಕೆ 64 ಕಿಲೋಬೈಟುಗಳವರೆಗೆ ನೆರೆಯ ಮೆಮೊರಿಯು ಹೊರಗೆ ಸೋರುತ್ತಿತ್ತು. ಗುಟ್ಟಿನ ಕೀಲಿಗಳೂ ಅದರಲ್ಲಿ ಇರಬಹುದಾಗಿತ್ತು. ಯಾವ ಪ್ರೋಗ್ರಾಮೂ ಸಾಯಲಿಲ್ಲ. ಆದ್ದರಿಂದಲೇ ಅದು ಎರಡು ವರ್ಷ ಅಡಗಿತ್ತು. ಡಿಪಿಡಿಕೆಯಲ್ಲಿಯೂ 2020ರ ಮೇ ತಿಂಗಳಲ್ಲಿ, ಕಲ್ಪಿತ ಗಣಕಗಳೊಡನೆ ವ್ಯವಹರಿಸುವ ಭಾಗದಲ್ಲಿ, ಹೊರಗಿನಿಂದ ಬಂದ ಅಳತೆಗಳನ್ನು ಸರಿಯಾಗಿ ಪರೀಕ್ಷಿಸದ ದೋಷಗಳು ಪ್ರಕಟವಾಗಿ, ಅವನ್ನು ಸರಿಪಡಿಸಲಾಯಿತು.

ಇನ್ನೊಂದು ನಿದರ್ಶನವು ಬೇರೆಯ ಪಾಠ ಹೇಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶವು 20 ಅಂಶಗಳಿದ್ದ ಪಟ್ಟಿಯಲ್ಲಿ 21ನೆಯದನ್ನು ಓದಹೋಯಿತು. ಅದು ಕರ್ನೆಲ್ಲಿನೊಳಗೆ ನಡೆಯುತ್ತಿದ್ದುದರಿಂದ ಇಡೀ ಗಣಕವೇ ಕುಸಿಯಿತು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಹೀಗೆ ಕುಸಿದ ಗಣಕಗಳು 85 ಲಕ್ಷ. ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಅಂದು ಕೈಬರೆಹದ ಚೀಟಿಗಳನ್ನು ಕೊಡಬೇಕಾಯಿತು. ಇದೇ ತಪ್ಪು ಸಾಮಾನ್ಯ ಪ್ರೋಗ್ರಾಮಿನಲ್ಲಿ ನಡೆದಿದ್ದರೆ ಆ ಪ್ರೋಗ್ರಾಮು ಮಾತ್ರ ಸಾಯುತ್ತಿತ್ತು. ಪ್ಯಾಕೆಟ್ ಸಾಗಣೆಯನ್ನು ಕರ್ನೆಲ್ಲಿನ ಹೊರಗೆ ತಂದವರ ಕೆಲಸವನ್ನು ನಾವು ಅಲ್ಲಗಳೆಯದಿರುವುದು ಈ ಕಾರಣದಿಂದಲೇ. ಅವರು ಹಿಡಿದ ದಾರಿ ಸರಿ. ಆ ದಾರಿಯಲ್ಲಿ ನಡೆಯುವವರು ದೀಪವನ್ನು ಆರಿಸಬಾರದೆಂಬುದಷ್ಟೇ ನಮ್ಮ ವಾದ.

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಹೊರಗಿನಿಂದ ಬಂದ ಪ್ರತಿಯೊಂದು ಉದ್ದವನ್ನೂ ಹೋಲಿಸಿ ನೋಡುವ ಪರೀಕ್ಷೆಯನ್ನು, ಎಷ್ಟೇ ಅವಸರವಿರಲಿ, ತೆಗೆಯಕೂಡದು. ಕಾರ್ಡಿನ ಮೇಲಣ ಐಒಎಂಎಂಯು ಕಾವಲನ್ನು ಅನುಕೂಲಕ್ಕಾಗಿ ಆರಿಸಕೂಡದು. ದುಬಾರಿಯಾದ ಪರೀಕ್ಷೆಗಳು ಪ್ರಯೋಗಶಾಲೆಯಲ್ಲಿ ಪ್ರತಿದಿನವೂ ನಡೆಯಬೇಕು; ಗಿರಾಕಿಯ ಜಾಲವು ಪ್ರಯೋಗಶಾಲೆಯಾಗಬಾರದು. ಸತ್ತ ಪ್ರೋಗ್ರಾಮನ್ನು ಮತ್ತೆ ಎಬ್ಬಿಸುವುದು ಅಗತ್ಯವೇ, ಆದರೆ ಅದು ಏಕೆ ಸತ್ತಿತೆಂಬ ಬರೆಹವಿಲ್ಲದೆ ಎಬ್ಬಿಸುವುದು ಕರ್ತವ್ಯಲೋಪ.

ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಸುತ್ತಾರೆ. ಅದು ಸತ್ತಾಗ ಅದರ ಕಾರಣವನ್ನು ಹುಡುಕುವುದನ್ನು ಕಲಿಸುವುದು ಕಡಮೆ. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಇಂಥ ತಂತ್ರಾಂಶವನ್ನು ಬರೆಯತಕ್ಕವರು. ಸೆಗ್ಮೆಂಟೇಷನ್ ಫಾಲ್ಟ್ ಎಂಬ ಮಾತು ತೆರೆಯ ಮೇಲೆ ಮೂಡಿದಾಗ ಅವರು ಮರುಚಾಲನೆಯ ಗುಂಡಿಯನ್ನು ಒತ್ತುವ ಮುನ್ನ, ಯಾವ ವಿಳಾಸ, ಅದು ಯಾರದು, ಅದನ್ನು ಕೊನೆಯದಾಗಿ ಮುಟ್ಟಿದವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದನ್ನು ಈಗಿನಿಂದಲೇ ರೂಢಿಸಿಕೊಳ್ಳಲಿ.