ಬಿಸಿಲಿಗೆ ನಂಬರ್ ಉಂಟು, ಸೆಕೆಗೆ ಇಲ್ಲ

(ಕ್ಯಾಪ್ಷನ್ ಉದ್ದ ಉಂಟು, ಬಸ್ಸಲ್ಲಿ ಕೂತಾಗ ಓದಿ.)

1.
ಫೆಬ್ರವರಿ ಬಂತಂದ್ರೆ ನಮ್ಮೆಲ್ಲರ ಸ್ಟೋರಿಯಲ್ಲೂ ಒಂದೇ ಸ್ಕ್ರೀನ್‌ಶಾಟ್. 'ಮಂಗಳೂರು, 34°'. ಕೆಳಗೊಂದು ಮೀಮ್. ಬೆಂಗಳೂರಿಗೆ ಹೋದ ಸೀನಿಯರ್ ಒಬ್ರು ರಿಪ್ಲೈ ಹಾಕ್ತಾರೆ: "ಅಷ್ಟೇನಾ? ಇಲ್ಲೂ 33 ಉಂಟು ಮಾರಾಯ."

ಅವರು ಹೇಳಿದ್ದು ಸುಳ್ಳಲ್ಲ. ಆದ್ರೆ ಆ 33 ಮತ್ತು ನಮ್ಮ 34 ಬೇರೆ ಬೇರೆ ಸಂಗತಿ. ನನ್ನ ವಾದ ಇಷ್ಟೇ: ಕರಾವಳಿಯವರು ಹವಾಮಾನ ನೋಡುವಾಗ ಗರಿಷ್ಠ ಉಷ್ಣಾಂಶ ಒಂದನ್ನೇ ನೋಡುವ ಅಭ್ಯಾಸ ಬಿಡಬೇಕು. ನಾವು ಮಾತ್ರ ಅಲ್ಲ, ನಮ್ಮನ್ನು ಬಿಸಿಲಲ್ಲಿ ನಿಲ್ಲಿಸುವವರೂ ಬಿಡಬೇಕು.

2.
ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜನವರಿ, ಫೆಬ್ರವರಿ ಚಳಿಗಾಲ. ನಗಬೇಡಿ, ದೇಶ ದೊಡ್ಡದು, ಎಲ್ಲರಿಗೂ ಸೇರಿ ಒಂದೇ ಕ್ಯಾಲೆಂಡರ್. ಆದ್ರೆ ಮಂಗಳೂರಿನ ಸರಾಸರಿ ಗರಿಷ್ಠ ನೋಡಿದ್ರೆ ಜನವರಿಯಿಂದ ಮೇ ತನಕ ಹೆಚ್ಚುಕಮ್ಮಿ 33-34ರಲ್ಲೇ ತಿರುಗ್ತದೆ. ಚಳಿಗಾಲಕ್ಕೂ ಕಡು ಬೇಸಿಗೆಗೂ ಒಂದೆರಡು ಡಿಗ್ರಿ ವ್ಯತ್ಯಾಸ! ಹಾಗಾದ್ರೆ ಬದಲಾಗೋದು ಎಂಥ?

ರಾತ್ರಿ. ಜನವರಿಯಲ್ಲಿ ಕನಿಷ್ಠ 21ರ ಆಸುಪಾಸು ಇರ್ತದೆ, ಏಪ್ರಿಲ್-ಮೇಗೆ 25 ಆಗ್ತದೆ. ಫೆಬ್ರವರಿ ಕೊನೆ ಅಂದ್ರೆ ಆ ಏರಿಕೆ ಶುರುವಾಗುವ ಸಮಯ. ಬೆಳಗ್ಗಿನ ಜಾವ ಹೊದಿಕೆ ಎಳ್ಕೊಳ್ಳುವುದು ನಿಂತ್ರೆ ನಿಮ್ಮ ಬೇಸಿಗೆ ಶುರು, ಆ್ಯಪ್ ಏನೇ ಹೇಳಲಿ. ರಾತ್ರಿ ದೇಹಕ್ಕೆ ತಣಿಯಲಿಕ್ಕೆ ಸಿಗದಿದ್ರೆ ಮರುದಿನದ ಅದೇ 34 ಹೆಚ್ಚು ಭಾರ ಆಗ್ತದೆ. ಅದಕ್ಕೆ ನಾನೀಗ ಮೊದಲು ನೋಡೋದು ಕನಿಷ್ಠ ಉಷ್ಣಾಂಶ.

3.
ಎರಡನೇದು ಗಾಳಿ. ಈ ಸಮಯದಲ್ಲಿ ಬೆಳಗ್ಗೆ ಘಟ್ಟದ ಕಡೆಯಿಂದ ಒಣಗಾಳಿ ಇಳಿಯುತ್ತದೆ. ನೆಲ ಕಾದ ಮೇಲೆ ಕಡಲಗಾಳಿ ಒಳಗೆ ಬರ್ತದೆ, ಉಷ್ಣಾಂಶಕ್ಕೆ ಬ್ರೇಕ್ ಬೀಳ್ತದೆ. ಮೂಡಣ ಗಾಳಿ ಜೋರಾಗಿ ಕಡಲಗಾಳಿಯನ್ನು ತಡೆದು ನಿಲ್ಲಿಸಿದ ದಿನ ಪಾರಾ ಸರ್ರಂತ 37-38ಕ್ಕೆ ಹತ್ತುತ್ತದೆ. 2025ರ ಫೆಬ್ರವರಿ ಕೊನೆಯಲ್ಲಿ ನಮ್ಮ ಕರಾವಳಿಗೆ ಹೀಟ್‌ವೇವ್ ಎಚ್ಚರಿಕೆ ಬಂದಿತ್ತಲ್ಲ, ನೆನಪುಂಟಾ? ಸರಾಸರಿ ಉಷ್ಣಾಂಶದ ಲೆಕ್ಕದಲ್ಲಿ ಆ ಫೆಬ್ರವರಿ ದೇಶಕ್ಕೇ 1901ರ ನಂತರದ ಅತಿ ಬಿಸಿ ಫೆಬ್ರವರಿ.

ನಮ್ಮಜ್ಜಿಗೆ ಈ ಮೂಡಣ ಗಾಳಿ ಅಂದ್ರೆ ಖುಷಿ, ಅಂಗಳದಲ್ಲಿ ಹರಡಿದ ಅಡಿಕೆ ಚೆನ್ನಾಗಿ ಒಣಗ್ತದೆ. ಅವರ ಭಾಷೆಯಲ್ಲಿ ಅದು 'ಬಿಸಿಲು'. ಉಪ್ಪಿನ ಭರಣಿ ಬೆವರಿ, ಮೈಗೆ ಬಟ್ಟೆ ಅಂಟುವ ದಿನಕ್ಕೆ ಬೇರೆ ಶಬ್ದ: 'ಸೆಕೆ'. ಶಬ್ದ ನಮ್ಮಲ್ಲಿ ಮೊದಲಿಂದ್ಲೂ ಉಂಟು. ಸ್ಟೋರಿಗೆ ಹಾಕ್ಲಿಕ್ಕೆ ನಂಬರ್ ಇಲ್ಲ ಅಷ್ಟೆ.

4.
ಈಗ ಅಸಲಿ ಸಮಸ್ಯೆ. ಕರಾವಳಿಯಲ್ಲಿ ಹೀಟ್‌ವೇವ್ ಅನ್ನಬೇಕಾದ್ರೆ ಗರಿಷ್ಠ 37 ಮುಟ್ಟಬೇಕು, ಜೊತೆಗೆ ಮಾಮೂಲಿಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಅದೂ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ. ಮಾಮೂಲಿ 33 ಇರುವ ಊರಿಗೆ ಅಂದ್ರೆ 37.5. ಇದು ಸಿಗೋದು ಹೆಚ್ಚಾಗಿ ಒಣಗಾಳಿಯ ದಿನಗಳಲ್ಲಿ. ಕಡಲಗಾಳಿ ಬೇಗ ಬಂದು, 34ರಲ್ಲೇ ನಿಂತು, ಬೆವರು ಒಣಗದೆ ಮೈಮೇಲೆ ಹರಿಯುವ ದಿನಕ್ಕೆ ಆ ಅಲರ್ಟ್ ಇಲ್ಲ.

ಅಮೆರಿಕದ ಹವಾಮಾನ ಸೇವೆಯವರದ್ದೊಂದು ಹೀಟ್ ಇಂಡೆಕ್ಸ್ ಸೂತ್ರ ಉಂಟು. ನೆರಳಲ್ಲಿ ದೇಹಕ್ಕೆ ಎಷ್ಟು ಅನ್ನಿಸ್ತದೆ ಅಂತ ಉಷ್ಣಾಂಶ, ತೇವಾಂಶ ಎರಡನ್ನೂ ಸೇರಿಸಿ ಹೇಳ್ತದೆ. 34 ಡಿಗ್ರಿ, ಶೇ. 60 ತೇವಾಂಶ ಹಾಕಿದೆ: 42ರ ಹತ್ತಿರ. 40 ಡಿಗ್ರಿ, ಶೇ. 15 ತೇವಾಂಶ, ಅಂದ್ರೆ ಉತ್ತರ ಕರ್ನಾಟಕದ ಒಣಬೇಸಿಗೆಯಂಥದ್ದು ಹಾಕಿದೆ: 38. ಎರಡು ಸಲ ಚೆಕ್ ಮಾಡಿದೆ. ನೇರ ಬಿಸಿಲಿಗೆ ನಿಂತ್ರೆ ಎರಡೂ ಕಡೆ ಇನ್ನೂ ಹೆಚ್ಚು. ಹಾಗಂತ ಒಣಬಿಸಿಲು ಸುಲಭ ಅಂತ ಅಲ್ಲ, ಅಲ್ಲಿ ನೀರು ಕಳ್ಕೊಂಡದ್ದೇ ಗೊತ್ತಾಗೋದಿಲ್ಲ.

ಇಲಾಖೆಯನ್ನು ಬೈಯ್ಲಿಕ್ಕೂ ಇದನ್ನು ಬರೀತಿಲ್ಲ. ಅವರ ಬುಲೆಟಿನ್‌ನಲ್ಲಿ 'ಬಿಸಿ ಮತ್ತು ಆರ್ದ್ರ ವಾತಾವರಣ' ಅನ್ನುವ ಎಚ್ಚರಿಕೆಯೂ ಕರಾವಳಿಗೆ ಬರ್ತದೆ. ಯಾರಾದ್ರೂ ಅದನ್ನು ಶೇರ್ ಮಾಡಿದ್ದು ನೋಡಿದ್ದೀರಾ? ಕೆಂಪು ಬಣ್ಣ ಇಲ್ಲ, ದೊಡ್ಡ ನಂಬರ್ ಇಲ್ಲ, ಯಾರೂ ಮುಟ್ಟೋದಿಲ್ಲ.

5.
ನಾನು ನೋಡಿದ್ದೇ ಹೇಳ್ತೇನೆ. ಕಾಲೇಜಿನ ಹೆಸರು ಬೇಡ. ಫೆಬ್ರವರಿಯ ಸ್ಪೋರ್ಟ್ಸ್ ಡೇ, ಹನ್ನೆರಡೂವರೆಗೆ ಹುಡುಗಿಯರ ಥ್ರೋಬಾಲ್ ಸೆಮಿಫೈನಲ್. ಎರಡನೇ ಸೆಟ್‌ನಲ್ಲಿ ಒಬ್ಬಳು ಕೂತ್ಲು, ಆಮೇಲೆ ಬಿದ್ಲು. ನೆರಳಿಗೆ ಎತ್ಕೊಂಡು ಹೋಗಿ, ನೀರು ಚಿಮುಕಿಸಿ, ಓಆರ್‌ಎಸ್ ಕುಡಿಸಿ ಸರಿಯಾದ್ಲು. ಮ್ಯಾಚ್ ಸಂಜೆಗೆ ಹಾಕಬಹುದಿತ್ತಲ್ಲ ಸರ್ ಅಂತ ಕೇಳಿದ್ರೆ ಬಂದ ಉತ್ತರ: "ಅಲರ್ಟ್ ಎಂಥ ಇರ್ಲಿಲ್ಲವಲ್ಲ." ಆಮೇಲೆ ಇನ್ನೊಂದು: "ಬೆಳಗ್ಗೆ ತಿಂಡಿ ತಿಂದಿರ್ಲಿಕ್ಕಿಲ್ಲ."

ಈ ತಿಂಡಿ ಡೈಲಾಗ್ ನಿಮ್ಮ ಕಾಲೇಜಲ್ಲೂ ಇರ್ತದೆ. ಬಿದ್ದವರದ್ದೇ ತಪ್ಪು ಯಾವಾಗ್ಲೂ.

6.
ಬಿಕಾಂನವರು ಇಲ್ಲಿ ಸ್ವಲ್ಪ ಎದ್ದು ಕೂರಿ. ಕಾಸ್ಟಿಂಗ್‌ನಲ್ಲಿ ಐಡಲ್ ಟೈಮ್ ಓದಿದ್ದೇವಲ್ಲ? ನಾರ್ಮಲ್ ಐಡಲ್ ಟೈಮ್ ಮೊದಲೇ ಗೊತ್ತಿರುವಂಥದ್ದು, ಅದನ್ನು ಉತ್ಪಾದನಾ ವೆಚ್ಚದಲ್ಲೇ ಸೇರಿಸ್ತೇವೆ. ಅಬ್‌ನಾರ್ಮಲ್ ಅಂದ್ರೆ ಯಾರೂ ನಿರೀಕ್ಷಿಸದ್ದು, ಅದು ನೇರ ಕಾಸ್ಟಿಂಗ್ ಲಾಭ-ನಷ್ಟ ಖಾತೆಗೆ. ಕರಾವಳಿಯಲ್ಲಿ ಫೆಬ್ರವರಿಯಿಂದ ಮೇ ತನಕ ಮಧ್ಯಾಹ್ನದ ಸೆಕೆಗೆ ಬೇಕಾದ ವಿಶ್ರಾಂತಿ ಯಾವುದು ಹೇಳಿ? ಪ್ರತಿ ವರ್ಷ ಬರ್ತದೆ, ಯಾವ ತಿಂಗಳು ಅಂತ ಗೊತ್ತುಂಟು. ನೂರಕ್ಕೆ ನೂರು ನಾರ್ಮಲ್. ಆದ್ರೆ ಕಾಂಕ್ರೀಟ್ ಹೊರುವವರಿಗೆ, ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸರಿಗೆ, ನಮ್ಮ ಕ್ಲಾಸಿನಲ್ಲೇ ಪಾರ್ಟ್‌ಟೈಮ್ ಡೆಲಿವರಿ ಮಾಡುವ ಹುಡುಗರಿಗೆ ಅರ್ಧ ಗಂಟೆ ಕೂತ್ರೆ ಆ ಖರ್ಚು ಅವರ ಖಾತೆಗೇ ಹೋಗ್ತದೆ. ವೆಚ್ಚದಲ್ಲಿ ಯಾರೂ ಸೇರಿಸೋದಿಲ್ಲ.

ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್-ಮೇಗೆ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ 1.30ರ ತನಕ. ಒಳ್ಳೆಯ ಪದ್ಧತಿ, ಅವರಿಗೆ ಬೇಕೇ ಬೇಕು. ನಾನು ಕೇಳೋದು ಅಷ್ಟು ದೊಡ್ಡದೂ ಅಲ್ಲ. ಫೆಬ್ರವರಿ 15ರ ನಂತರ ಹನ್ನೊಂದರಿಂದ ಮೂರೂವರೆ ತನಕ ಗ್ರೌಂಡಲ್ಲಿ ಎಂಥದ್ದೂ ಬೇಡ. ಸ್ಪೋರ್ಟ್ಸ್, ಎನ್‌ಸಿಸಿ ಪೆರೇಡ್, ಫೆಸ್ಟ್ ಮೆರವಣಿಗೆ, ಯಾವುದೂ. ಅಲರ್ಟ್ ಇರಲಿ, ಇಲ್ಲದಿರಲಿ.

ಇಲಾಖೆಯವರು ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಮುನ್ನೋಟ ಹಾಕ್ತಾರೆ. ನಿಮ್ಮ ಕಾಲೇಜಿನ ಕಾರ್ಯಕ್ರಮದ ದಿನಾಂಕ ಅದರ ಪಕ್ಕ ಇಟ್ಟು ನೋಡಿ. ಸ್ಪೋರ್ಟ್ಸ್ ಸೆಕ್ರೆಟರಿ ಆಗಿರುವವರು ಯಾರಾದ್ರೂ ಇದನ್ನು ಓದ್ತಾ ಇದ್ರೆ, ಈ ಸಲದ ಟೈಮ್‌ಟೇಬಲ್ ಕಾಮೆಂಟಲ್ಲಿ ಹಾಕಿ. ಮಧ್ಯಾಹ್ನಕ್ಕೆ ಯಾವ ಮ್ಯಾಚ್ ಇಟ್ಟಿದ್ದಾರೆ ಅಂತ ನೋಡುವಾ.