ಜೂನ್ 30ಕ್ಕೆ ಮುಗಿದುಹೋಗುವ ಸಮಾಜಸೇವೆ

ಜುಲೈ ಬಂತು ಅಂದ್ರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಎರಡು ಕೆಲಸ ಜೋರು. ಹೊಲದಲ್ಲಿ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸೋದು ಒಂದು. ಕಲ್ಯಾಣ ಮಂಟಪದಲ್ಲಿ ಸೇವಾ ಸಂಸ್ಥೆಗಳ ಪದಗ್ರಹಣ ಇನ್ನೊಂದು. ಹಳೇ ಅಧ್ಯಕ್ಷರು ತಮ್ಮ ಕೊರಳಿನ ಕಾಲರ್ ತೆಗೆದು ಹೊಸಬರಿಗೆ ಹಾಕ್ತಾರೆ. ಹಾರ, ಶಾಲು, ಮೈಸೂರು ಪೇಟ, ನೆನಪಿನ ಕಾಣಿಕೆ. ಹೊಸ ಅಧ್ಯಕ್ಷರು ಎದ್ದು ನಿಂತು ಈ ವರ್ಷ ಏನೇನು ಮಾಡ್ತೀವಿ ಅಂತ ಪಟ್ಟಿ ಓದ್ತಾರೆ: ಸಸಿ ನೆಡೋದು, ನೋಟ್‌ಬುಕ್ ಹಂಚೋದು, ಶಾಲೆಗೆ ನೀರಿನ ಫಿಲ್ಟರ್, ಕಣ್ಣಿನ ತಪಾಸಣೆ ಶಿಬಿರ. ಚಪ್ಪಾಳೆ. ಊಟ (ಹೋಳಿಗೆ ಇದ್ದೇ ಇರುತ್ತೆ).

ಹೋದ ವರ್ಷದ ಅಧ್ಯಕ್ಷರು ಓದಿದ ಪಟ್ಟಿ ಏನಾಯ್ತು ಅಂತ ಆ ಮಂಟಪದಲ್ಲಿ ಕೇಳಿದವರನ್ನ ನಾನಂತೂ ಕಂಡಿಲ್ಲ.

ಮೊದಲೇ ಹೇಳಿಬಿಡ್ತೀನಿ, ಈ ಕ್ಲಬ್ಬಿನವರು ಕಳ್ಳರು, ಫೋಟೋಗಾಗಿ ಸೇವೆ ಮಾಡೋರು ಅಂತ ಬರೆಯೋಕೆ ನಾನು ಕೂತಿಲ್ಲ. ಆ ಬೈಗುಳ ಹಳತು, ಸುಲಭ, ಮತ್ತು ಬಹಳ ಸಲ ಸುಳ್ಳು. ಅಂಗಡಿ ಇಟ್ಟವರು, ವಕೀಲರು, ಡಾಕ್ಟರು, ನಿವೃತ್ತ ಮೇಷ್ಟ್ರುಗಳು ತಮ್ಮ ಜೇಬಿನಿಂದಲೇ ಹಾಕಿ, ಸಾಲದ್ದಕ್ಕೆ ಸ್ನೇಹಿತರ ಹತ್ತಿರ ಚಂದಾ ಎತ್ತಿ ಮಾಡೋ ಕೆಲಸ ಇದು. ನನ್ನ ತಕರಾರು ಅವರ ಮನಸ್ಸಿನ ಮೇಲಲ್ಲ, ಅವರ ಕ್ಯಾಲೆಂಡರಿನ ಮೇಲೆ. ರೋಟರಿಗಾಗಲಿ ಲಯನ್ಸ್‌ಗಾಗಲಿ ವರ್ಷ ಶುರುವಾಗೋದು ಜುಲೈ 1ಕ್ಕೆ, ಮುಗಿಯೋದು ಜೂನ್ 30ಕ್ಕೆ. ಒಬ್ಬ ಅಧ್ಯಕ್ಷರ ಆಯುಷ್ಯ ಅಷ್ಟೇ. ಅವರು ಮಾಡಿದ ಕೆಲಸದ ಆಯುಷ್ಯವೂ ಅಷ್ಟೇ ಆಗಿಬಿಟ್ಟಿದೆ.

ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಕಂಡದ್ದು ಹೇಳ್ತೀನಿ. ಶಾಲೆ ಹೆಸರು ಬೇಡ, ಕ್ಲಬ್ಬಿನ ಹೆಸರೂ ಬೇಡ, ಇಂಥದ್ದು ನಿಮ್ಮೂರಲ್ಲೂ ಇರುತ್ತೆ. ಗೋಡೆಗೆ ಒಂದು ದೊಡ್ಡ ನೀರಿನ ಫಿಲ್ಟರ್. ಪಕ್ಕದಲ್ಲಿ ಕರೀ ಗ್ರಾನೈಟ್ ಕಲ್ಲು. ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಉದ್ಘಾಟಿಸಿದವರು, ಉಪಸ್ಥಿತರಿದ್ದವರು... ಎಲ್ಲರ ಹೆಸರೂ ಫಳಫಳ. ಫಿಲ್ಟರಿನ ನಲ್ಲಿಗಳಿಗೆ ಮಾತ್ರ ಪ್ಲಾಸ್ಟಿಕ್ ದಾರ ಸುತ್ತಿ ಕಟ್ಟಿದ್ದಾರೆ, ಮಕ್ಕಳು ತಿರುಗಿಸಬಾರದು ಅಂತ. ಮೇಷ್ಟ್ರನ್ನ ಕೇಳಿದೆ. "ಒಳಗಿನದ್ದು ಬದಲಾಯಿಸಬೇಕು ಸಾರ್, ಆಗ ಕೊಟ್ಟವರ ಅವಧಿ ಮುಗೀತು. ಈಗಿನವರನ್ನ ಕೇಳಿದ್ರೆ ಅದು ನಮ್ಮ ವರ್ಷದ ಪ್ರಾಜೆಕ್ಟ್ ಅಲ್ಲ ಅಂತಾರೆ. ಹೊಸದು ಬೇಕಾದ್ರೆ ಕೊಡ್ತಾರಂತೆ" ಅಂದರು. ಅನುಕೂಲ ಇದ್ದ ಮನೆ ಮಕ್ಕಳು ಬಾಟಲಿಯಲ್ಲಿ ನೀರು ತರ್ತಾರೆ. ಹಾಡಿಯಿಂದ ಬರೋ ಮಕ್ಕಳು ಬೋರ್‌ವೆಲ್ ನಲ್ಲಿಗೆ ಬಾಯಿ ಕೊಡ್ತವೆ. ಅಂದ್ರೆ ಯಾರಿಗೋಸ್ಕರ ಆ ಫಿಲ್ಟರ್ ಬಂತೋ ಅವರನ್ನ ಬಿಟ್ಟು ಮಿಕ್ಕ ಯಾರಿಗೂ ಅದು ಕೆಟ್ಟದ್ದರಿಂದ ನಷ್ಟ ಇಲ್ಲ!

"ಹೊಸದು ಬೇಕಾದ್ರೆ ಕೊಡ್ತೀವಿ, ಹಳೇದನ್ನ ರಿಪೇರಿ ಮಾಡಿಸಲ್ಲ." ಇದು ಜಿಪುಣತನ ಅಲ್ಲ ನೋಡಿ. ರಿಪೇರಿಗೆ ಖರ್ಚು ಕಮ್ಮಿ. ಆದ್ರೆ ರಿಪೇರಿಗೆ ಉದ್ಘಾಟನೆ ಇಲ್ಲ, ಕಲ್ಲಿಲ್ಲ, ವರ್ಷದ ವರದಿಯಲ್ಲಿ ಒಂದು ಸಾಲಿಲ್ಲ.

ಇನ್ನು ಸಸಿಯ ಕತೆ. 1950ರಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವ ಶುರು ಮಾಡಿದ್ದು ಜುಲೈ ಮೊದಲ ವಾರಕ್ಕೆ. ಮಳೆಗಾಲಕ್ಕೆ ಅದು ಸರಿಯಾದ ಹೊತ್ತು. ಹೊಸ ಅಧ್ಯಕ್ಷರಿಗೂ ಅದೇ ಮೊದಲ ಕಾರ್ಯಕ್ರಮ, ಹಾಗಾಗಿ ನೆಡೋದರಲ್ಲಿ ಕೊರತೆ ಇಲ್ಲ. ಆದರೆ ಸಸಿಗೆ ನಾವು ಬೇಕಾಗೋದು ಜುಲೈನಲ್ಲಿ ಅಲ್ಲ ಸ್ವಾಮಿ, ಫೆಬ್ರವರಿಯಿಂದ ಮೇ ತನಕ. ಅಷ್ಟು ಹೊತ್ತಿಗೆ ಅಧ್ಯಕ್ಷರು ವರ್ಷದ ವರದಿ ಬರೆಸೋದರಲ್ಲಿ, ಪ್ರಶಸ್ತಿಗೆ ಅರ್ಜಿ ಹಾಕೋದರಲ್ಲಿ ಮುಳುಗಿರ್ತಾರೆ. ವರದಿಯಲ್ಲಿ "ನೆಟ್ಟ ಸಸಿಗಳು" ಅಂತ ಒಂದು ಸಂಖ್ಯೆ ಇರುತ್ತೆ. "ಬದುಕಿದ ಸಸಿಗಳು" ಅನ್ನೋ ಕಾಲಂ ಇರೋ ವರದಿ ಯಾರ ಹತ್ತಿರವಾದ್ರೂ ಇದ್ದರೆ ನಂಗೆ ಕಳಿಸಿ, ಕಟ್ಟು ಹಾಕಿಸಿ ಗೋಡೆಗೆ ನೇತುಹಾಕ್ತೀನಿ :-)

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಅಂದ್ರೆ ವರ್ಜೀನಿಯಾ ತಂಬಾಕಿನ ಸೀಮೆ. ಬ್ಯಾರನ್‌ಗಳಲ್ಲಿ ಸೊಪ್ಪು ಬೇಯಿಸೋಕೆ ಸೌದೆ ಬೇಕು, ಗಾಡಿಗಟ್ಟಲೆ ಬೇಕು. ರಸ್ತೆ ಬದಿ ಸಸಿ ನೆಟ್ಟು ಫೋಟೋ ಹಿಡಿಸಿಕೊಳ್ಳೋ ಅದೇ ತಿಂಗಳಲ್ಲಿ ಹಿಂದಿನ ರಸ್ತೆಯಲ್ಲಿ ಸೌದೆ ಲಾರಿ ಹೋಗ್ತಿರುತ್ತೆ. ಸದಸ್ಯರಲ್ಲೇ ಎಷ್ಟೋ ಜನಕ್ಕೆ ಸ್ವಂತ ಬ್ಯಾರನ್ ಇದೆ. ತಮ್ಮದೇ ಹೊಲದ ಬದುವಿನಲ್ಲಿ ಸೌದೆ ಮರ ಬೆಳೆಸಿ, ಐದು ವರ್ಷ ಬಿಟ್ಟು ಅದನ್ನೇ ಒಲೆಗೆ ಹಾಕಿದರೂ ಸಾಕು, ಆ ಫೋಟೋದ ಸಸಿಗಳಿಗಿಂತ ಹೆಚ್ಚು ಕಾಡು ಉಳಿಯುತ್ತೆ. ಅದಕ್ಕೆ ಬ್ಯಾನರ್ ಕಟ್ಟೋಕಾಗಲ್ಲ, ಅಷ್ಟೇ ತೊಂದರೆ.

ನೋಟ್‌ಬುಕ್ ವಿಷಯ ಬಿಡಿ. ಶಾಲೆ ಶುರುವಾಗೋದು ಜೂನ್ ಹೊತ್ತಿಗೆ, ಪುಸ್ತಕ ಬರೋದು ಆಗಸ್ಟ್ ಹದಿನೈದಕ್ಕೆ. ಅಷ್ಟರಲ್ಲಿ ಕೂಲಿ ಮಾಡೋ ತಾಯಿ ಸಾಲ ಮಾಡಿ ತಂದುಕೊಟ್ಟಾಗಿರುತ್ತೆ.

ಹಾಗಂತ ಇವರು ಮಾಡಿದ್ದೆಲ್ಲ ಹೀಗೇ ಅಂದ್ರೆ ತಪ್ಪಾಗುತ್ತೆ. ರಕ್ತದಾನ ಶಿಬಿರ ತಗೊಳ್ಳಿ, ಅಚ್ಚುಕಟ್ಟು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮಡಿಕೇರಿ ದಾರಿಯಲ್ಲಿರೋ ನಮ್ಮ ಊರುಗಳಿಂದ ಅಕ್ಕಿ, ಬೆಡ್‌ಶೀಟು ಹತ್ತಿಸಿ ಕಳಿಸಿದರಲ್ಲ, ಅದರಲ್ಲಿ ಯಾವ ಕ್ಲಬ್ಬು, ಯಾವ ಯುವಕ ಸಂಘ ಅಂತ ಯಾರೂ ನೋಡಲಿಲ್ಲ. ಕೋವಿಡ್ ವರ್ಷಗಳಲ್ಲಿ ಊಟದ ಪೊಟ್ಟಣ, ಆಕ್ಸಿಜನ್ ಅಂತ ಓಡಾಡಿದವರಲ್ಲೂ ಇವರಿದ್ದರು. ಇವೆಲ್ಲ ಯಾಕೆ ಚೆನ್ನಾಗಿ ಆಯ್ತು ಅಂತ ಯೋಚಿಸಿದರೆ ಕಾರಣ ಸಿಗುತ್ತೆ: ಕೊಟ್ಟ ರಕ್ತ, ಕೊಟ್ಟ ಅಕ್ಕಿ ಬಳಸಿ ಮುಗಿಯುತ್ತೆ. ಮಾರನೇ ವರ್ಷ ಹೋಗಿ ನೋಡಬೇಕಾದ್ದಿಲ್ಲ. ಒಂದೇ ದಿನದ ಕೆಲಸಕ್ಕೆ ಒಂದೇ ವರ್ಷದ ಅಧ್ಯಕ್ಷರು ಧಾರಾಳ ಸಾಕು. ಮರ, ನೀರು, ಮಕ್ಕಳ ಓದು ಮಾತ್ರ ಒಂದು ವರ್ಷದ ಲೆಕ್ಕಕ್ಕೆ ಬಗ್ಗೋದಿಲ್ಲ.

"ನಮ್ಮ ನಿಯಮವೇ ಹಾಗೆ, ಪ್ರತಿ ವರ್ಷ ಅಧ್ಯಕ್ಷರು ಬದಲಾಗಲೇಬೇಕು, ಏನು ಮಾಡೋಣ" ಅಂತ ಸದಸ್ಯರೊಬ್ಬರು ನಂಗೆ ಹೇಳಿದ್ದುಂಟು. ಇದಕ್ಕೆ ಉತ್ತರ ಅವರ ಸಂಸ್ಥೆಯೊಳಗೇ ಇದೆ. 1905ರಲ್ಲಿ ಚಿಕಾಗೋದಲ್ಲಿ ಪಾಲ್ ಹ್ಯಾರಿಸ್ ಮತ್ತು ಗೆಳೆಯರು ಶುರು ಮಾಡಿದಾಗ ರೋಟರಿ ಅನ್ನೋ ಹೆಸರು ಬಂದಿದ್ದೇ ಸಭೆಗಳು ಸರದಿ ಪ್ರಕಾರ ಒಬ್ಬೊಬ್ಬರ ಕಚೇರಿಯಲ್ಲಿ ನಡೀತಿದ್ವು ಅಂತ. ಸರದಿ ಅವರ ಹುಟ್ಟುಗುಣ, ಒಪ್ಪೋಣ. ಆದರೆ ಅದೇ ರೋಟರಿ 1985ರಲ್ಲಿ ಪೋಲಿಯೋ ಕೈಗೆತ್ತಿಕೊಂಡಿತು. ಆಮೇಲೆ ಎಷ್ಟು ಅಧ್ಯಕ್ಷರು ಬಂದು ಹೋದರೋ, ಕೆಲಸ ಮಾತ್ರ ಕೈ ಬಿಡಲಿಲ್ಲ. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಜೊತೆ ಸೇರಿತು. ಭಾರತದಲ್ಲಿ ಕೊನೇ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅನ್ನೋ ಪ್ರಮಾಣಪತ್ರ ಸಿಕ್ತು. ನಮ್ಮ ಹಳ್ಳಿಗಳಲ್ಲೂ ಆ ಭಾನುವಾರಗಳಲ್ಲಿ ಬೂತ್ ಪಕ್ಕ ಹಳದಿ ಬ್ಯಾನರ್ ಕಟ್ಟಿಕೊಂಡು ಕೂತಿದ್ದವರು ನೆನಪಿದ್ದಾರಲ್ಲ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಒಂದೇ ಕೆಲಸ, ಒಂದೇ ಪ್ರಶ್ನೆ: ಈ ವರ್ಷ ಎಷ್ಟು ಮಕ್ಕಳಿಗೆ ಬಂತು? ಎಷ್ಟು ಹನಿ ಹಾಕಿದೆವು ಅನ್ನೋದು ಆಮೇಲಿನ ಮಾತು. ಇಡೀ ದೇಶಕ್ಕೆ ಹೀಗೆ ಲೆಕ್ಕ ಇಡೋಕೆ ಬಂದವರಿಗೆ ನಾಲ್ಕು ಶಾಲೆಯ ಫಿಲ್ಟರ್ ಲೆಕ್ಕ ಇಡೋಕೆ ಯಾಕೆ ಬರಲ್ಲ?

ಹತ್ತಿರದ ಉದಾಹರಣೆ ಬೇಕಾ, ಗುರುಪುರ ನೋಡಿ. ಬೈಲುಕುಪ್ಪೆಗೆ 1960ರ ದಶಕದಲ್ಲೇ ಟಿಬೆಟನ್ನರು ಬಂದರು, ಹುಣಸೂರು ತಾಲ್ಲೂಕಿನ ಗುರುಪುರದ ರಬ್ಗೇಲಿಂಗ್ ಕ್ಯಾಂಪ್ ಶುರುವಾಗಿದ್ದು 1972ರಲ್ಲಿ. ಟಿಬೆಟನ್ನರಿಗೆ ನೆಲೆ ಕಲ್ಪಿಸೋ ಕೆಲಸಕ್ಕೆ ಅಂತಲೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಹೆಸರನ್ನ ಬಿಡಿಸಿದರೆ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. "ಅವರಿಗೆ ಫಾರಿನ್ ದುಡ್ಡು ಬಂತು, ಅದಕ್ಕೇ ಉದ್ಧಾರ ಆದರು" ಅಂತ ನಮ್ಮ ಟೀ ಅಂಗಡಿಗಳಲ್ಲಿ ಹೇಳ್ತಾರೆ. ಬಂತು, ಇಲ್ಲ ಅನ್ನಲ್ಲ. ಆದರೆ ದುಡ್ಡಿನ ಜೊತೆಗೆ ಅವರಿಗೊಂದು ಸಹಕಾರ ಸಂಘ ಇತ್ತು, ಕ್ಯಾಂಪಿನ ಕಚೇರಿ ಇತ್ತು, ಮಠ ಇತ್ತು, ಶಾಲೆ ಇತ್ತು. ಯಾವುದೋ ಯಂತ್ರ ಕೆಟ್ಟರೆ "ಇದು ಯಾರ ವರ್ಷದ್ದು" ಅಂತ ಕೇಳೋ ಪ್ರಮೇಯ ಇರಲಿಲ್ಲ. ಅದು ಸಂಘದ್ದು. ಮುಗೀತು.

ಅದೇ ಮೈರಾಡ ಆಮೇಲೆ ನಮ್ಮ ಬಡವರ ಕಡೆ ತಿರುಗಿ ಎಚ್.ಡಿ.ಕೋಟೆಯಲ್ಲೂ ಕೆಲಸ ಮಾಡಿತು. ಎಂಬತ್ತರ ದಶಕದ ನಡುವೆ ಅವರು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಒಬ್ಬರನ್ನೊಬ್ಬರು ನಂಬೋ ಸಣ್ಣ ಸಣ್ಣ ಗುಂಪುಗಳು ಉಳಿದವು. ಅವೇ ಬೆಳೆದು ಸ್ವಸಹಾಯ ಸಂಘಗಳಾದವು. 1992ರಲ್ಲಿ ನಬಾರ್ಡ್ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರು ಮಾಡೋಕೆ ಇಂಥ ಅನುಭವಗಳೇ ಆಧಾರ. ಹೆಂಗಸರು ವಾರವಾರ ಕೂತು ತಮ್ಮದೇ ದುಡ್ಡು ಎಣಿಸೋ ಆ ಸಭೆಗೆ ಮುಖ್ಯ ಅತಿಥಿ ಇಲ್ಲ, ಹಾರ ಇಲ್ಲ. ಪುಸ್ತಕ ಮಾತ್ರ ಇದೆ, ಹೋದ ವಾರದ್ದನ್ನ ಓದದೆ ಈ ವಾರದ್ದು ಶುರುವಾಗೋದಿಲ್ಲ. ಮೈಸೂರು ಮೆಡಿಕಲ್ ಕಾಲೇಜಿನ ಹುಡುಗರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೂಡ ಎಚ್.ಡಿ.ಕೋಟೆಯ ಕಾಡಂಚಿಗೆ ಬಂದು ಶಿಬಿರ ಮಾಡಿ ಹೊರಟುಹೋಗಲಿಲ್ಲ, ಅಲ್ಲೇ ಆಸ್ಪತ್ರೆ, ಶಾಲೆ ಕಟ್ಟಿಕೊಂಡು ನಿಂತಿತು.

ಇನ್ನೊಂದು ಪುನರ್ವಸತಿಯೂ ಇದೇ ತಾಲ್ಲೂಕಿನಲ್ಲಿದೆ. ನಾಗರಹೊಳೆಯಿಂದ ಹೊರಬಿದ್ದ ಜೇನು ಕುರುಬರು, ಬೆಟ್ಟ ಕುರುಬರು, ಯರವರದ್ದು. ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ ಹೀಗೆ ಹೊರಬಿದ್ದ ಕುಟುಂಬ 3,418 ಅಂತ ಗುರುತಿಸಿತು. ಇವರಿಗೆ ಭೂಮಿ ಕೊಡಿಸೋದು ಕ್ಲಬ್ಬುಗಳ ಕೈಲಾಗೋ ಕೆಲಸ ಅಲ್ಲ, ಅದು ಸರ್ಕಾರದ ಬಾಕಿ. ಆದರೆ ಚಳಿಗಾಲ ಬಂದಾಗ ಹಾಡಿಗೆ ಹೋಗೋ ಕಂಬಳಿಗಳನ್ನ ನೋಡಿ. ಈ ವರ್ಷ ಒಂದು ಕ್ಲಬ್ಬು, ಬರೋ ವರ್ಷ ಇನ್ನೊಂದು, ಅದೇ ಹಾಡಿ, ಅದೇ ಅಜ್ಜಿ, ಅದೇ ಬಗ್ಗಿ ನಮಸ್ಕಾರ. ಅಜ್ಜಿಗೆ ಏನು ಬೇಕು ಅಂತ ಮಾತ್ರ ಯಾರೂ ಕೇಳಿಲ್ಲ. ಕಂಬಳಿ ಬದಲು ಆಶ್ರಮ ಶಾಲೆ ಬಿಟ್ಟು ಬಂದ ಅವಳ ಮೊಮ್ಮಗನನ್ನ ಒಬ್ಬ ಸದಸ್ಯ ಎಸ್ಸೆಸ್ಸೆಲ್ಸಿ ಮುಗಿಯೋ ತನಕ ಬೆನ್ನು ಹತ್ತಿದ್ದರೆ? ಅದಕ್ಕೆ ಮೂರ್ನಾಲ್ಕು ಅಧ್ಯಕ್ಷರ ಕಾಲ ಬೇಕು. ಯಾರ ವರದಿಗೆ ಹಾಕ್ತೀರಿ?

ಕಲ್ಲಿನ ಮೇಲೆ ಹೆಸರು ಬರೆಸೋದು ಹೊಸ ಚಟ ಅಂತಲೂ ಅಲ್ಲ. ನಮ್ಮ ಕನ್ನಡದ ಹಳೇ ದಾನಿಗಳೂ ಕಲ್ಲಿನಲ್ಲೇ ಬರೆಸಿದರು. ಆದರೆ ಏನು ಬರೆಸಿದರು ಅಂತ ಶಾಸನ ಸಂಪುಟ ತೆಗೆದು ನೋಡಿ. ಕೆರೆ ಕಟ್ಟಿಸಿದವನು ಕೆರೆಯ ಜೊತೆಗೆ ಬಿತ್ತುವಟ್ಟ ಅಂತಲೋ ಕೆರೆಗೊಡಗೆ ಅಂತಲೋ ಗದ್ದೆ ಬಿಡ್ತಿದ್ದ. ಅದರ ಹುಟ್ಟುವಳಿಯಿಂದ ಹೂಳು ತೆಗೀಬೇಕು, ಏರಿ ದುರಸ್ತಿ ಮಾಡಬೇಕು. ಗದ್ದೆಯ ಎಲ್ಲೆ ಯಾವ ಕಡೆ ಏನು, ಎಲ್ಲ ಕಲ್ಲಿನ ಮೇಲೆ. ಕೊನೆಗೆ ಈ ಧರ್ಮಕ್ಕೆ ತಪ್ಪಿದವನಿಗೆ ಗಂಗೆಯ ತಡಿಯಲ್ಲಿ ಹಸು ಕೊಂದ ಪಾಪ ಅಂತ ಶಾಪ ಬೇರೆ. ಅವರಿಗೂ ಹೆಸರಿನ ಆಸೆ ಇತ್ತು, ಸ್ವರ್ಗದ ಆಸೆಯೂ ಇತ್ತು. ಆದರೂ ತಾನು ಸತ್ತ ಮೇಲೆ ಕೆರೆ ಗತಿ ಏನು ಅಂತ ಯೋಚಿಸದೆ ದಾನ ಮಾಡಲಿಲ್ಲ. ನಮ್ಮ ಗ್ರಾನೈಟ್ ಕಲ್ಲಿನಲ್ಲಿ ಹೆಸರಷ್ಟೇ ಉಳಿದು ಗದ್ದೆ ಮಾಯವಾಗಿದೆ.

"ಮಾಡೋರನ್ನ ಬೈಯೋದು ಸುಲಭ, ನೀನೇನು ಮಾಡಿದೀಯ" ಅನ್ನೋ ಮಾತು ಬಂದೇ ಬರುತ್ತೆ. ಏನೂ ಮಾಡದವನ ಪ್ರಶ್ನೆಯೂ ಸರಿಯಾದ ಪ್ರಶ್ನೆ ಆಗಿರಬಹುದು ಅಂತಷ್ಟೇ ನನ್ನ ಉತ್ತರ. ಇನ್ನು "ರಿಪೇರಿ ಸರ್ಕಾರದ ಕೆಲಸ" ಅನ್ನೋರಿಗೆ: ಹಾಗಾದ್ರೆ ಕೊಡುವಾಗಲೇ ಎಸ್‌ಡಿಎಂಸಿ ಜೊತೆ ಕೂತು ಅದನ್ನ ಬರೆದು ಸಹಿ ಹಾಕಿಸಿಕೊಳ್ಳಿ. ರೋಟರಿ ಪ್ರತಿಷ್ಠಾನದ ದೊಡ್ಡ ಅನುದಾನಕ್ಕೆ, ಅಂದ್ರೆ ಕನಿಷ್ಠ 30,000 ಡಾಲರ್ ಬಜೆಟ್ಟಿನ ಯೋಜನೆಗೆ, ದುಡ್ಡು ಮುಗಿದ ಮೇಲೂ ಕೆಲಸ ಹೇಗೆ ಮುಂದುವರಿಯುತ್ತೆ ಅಂತ ಮೊದಲೇ ಹೇಳಬೇಕು. ಆ ಷರತ್ತನ್ನ ಮೂವತ್ತು ಸಾವಿರ ರೂಪಾಯಿಯ ಫಿಲ್ಟರಿಗೂ ಹಾಕಿಕೊಂಡರೆ ಯಾರು ಬೇಡ ಅಂತಾರೆ?

ಮಾಡಬೇಕಾದ್ದು ಬಹಳ ಇಲ್ಲ. ಎತ್ತಿದ ಚಂದಾದಲ್ಲಿ ಐದನೇ ಒಂದು ಪಾಲು ಶಾಲೆಯ ಖಾತೆಯಲ್ಲಿ ದುರಸ್ತಿಗೆ ಅಂತ ಇಡಿ. ಕಲ್ಲಿನ ಮೇಲೆ ಉಪಸ್ಥಿತರಿದ್ದವರ ಹೆಸರಿನ ಜಾಗದಲ್ಲಿ ಮೆಕ್ಯಾನಿಕ್ಕಿನ ಫೋನ್ ನಂಬರ್ ಕೆತ್ತಿಸಿ. ಸಸಿ ಕಮ್ಮಿ ನೆಡಿ, ಅದಕ್ಕೆ ಬೇಸಿಗೆಯಲ್ಲಿ ನೀರು ಹಾಕೋ ಒಬ್ಬನಿಗೆ ನಾಲ್ಕು ತಿಂಗಳ ಕೂಲಿ ಕೊಡಿ. ಶಾಲೆ ಪುಸ್ತಕದ ದುಡ್ಡನ್ನ ಏಪ್ರಿಲ್‌ನಲ್ಲೇ ಎತ್ತಿ, ಅಧಿಕಾರ ಬಿಟ್ಟು ಹೋಗೋ ಅಧ್ಯಕ್ಷರ ಕೈಯಲ್ಲಿ ಶಾಲೆ ಬಾಗಿಲು ತೆಗೆಯೋ ದಿನವೇ ಹಂಚಿಸಿ, ಅವರಿಗೂ ಒಂದು ಒಳ್ಳೇ ಬೀಳ್ಕೊಡುಗೆ ಆದಂತಾಯ್ತು.

ಮತ್ತೆ ಬರೋ ಜುಲೈ ಪದಗ್ರಹಣದಲ್ಲಿ ಪ್ರಾರ್ಥನೆ ಆದ ಮೇಲೆ, ಹಾರಕ್ಕೆ ಮುಂಚೆ, ಹಿಂದಿನ ಐದು ವರ್ಷದ ಪಟ್ಟಿ ತೆಗೆದು ಒಬ್ಬರು ಗಟ್ಟಿಯಾಗಿ ಓದಲಿ. ಇದು ನಡೀತಿದೆ, ಇದು ಕೆಟ್ಟಿದೆ, ಇದು ಎಲ್ಲಿದೆ ಅಂತ ಗೊತ್ತಿಲ್ಲ. ಹತ್ತು ನಿಮಿಷದ ಕೆಲಸ. ಅಷ್ಟು ಓದಿ ಆಮೇಲೆ ಎಷ್ಟು ಶಾಲು ಬೇಕಾದ್ರೂ ಹೊದಿಸಲಿ, ಹಿಂದಿನ ಸಾಲಲ್ಲಿ ಕೂತು ನಾನೂ ಚಪ್ಪಾಳೆ ತಟ್ತೀನಿ.