ಗೊಂಬೆ ನಮ್ಮದು, ಪೆಟ್ಟಿಗೆಯೂ ನಮ್ಮದಾಗಲಿ

ಚೀನಾದಲ್ಲಿ ಉಡುಗೊರೆಯಷ್ಟೇ ಬೆಲೆ ಅದನ್ನು ಸುತ್ತಿ ಕೊಡುವ ಬಗೆಗೂ ಇದೆ. ಅಲ್ಲಿ ಕೆಂಪು ಶುಭದ ಬಣ್ಣ. ಹೊಸ ವರ್ಷಕ್ಕೆ ಕೊಡುವ ಹಣವನ್ನೂ ಕೆಂಪು ಲಕೋಟೆಯಲ್ಲಿಟ್ಟೇ ಕೊಡುತ್ತಾರೆ. ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಹಂಚುವ ಮೂನ್‌ಕೇಕ್ ಎಂಬ ತಿನಿಸಿನ ಡಬ್ಬಿಗಳ ಆಡಂಬರ ಎಷ್ಟು ಬೆಳೆಯಿತೆಂದರೆ, ಸರ್ಕಾರವೇ ಕಡಿವಾಣ ಹಾಕಬೇಕಾಯಿತು. 2022ರ ಆಗಸ್ಟ್‌ನಿಂದ ಮೂರು ಪದರಕ್ಕಿಂತ ಹೆಚ್ಚು ಸುತ್ತುವಂತಿಲ್ಲ. 100 ಯುವಾನ್‌ಗಿಂತ ಹೆಚ್ಚು ಬೆಲೆಯದ್ದಾದರೆ, ಪ್ಯಾಕಿಂಗ್ ಖರ್ಚು ಬೆಲೆಯ ಶೇ 15ನ್ನು ಮೀರುವಂತಿಲ್ಲ.

ಈ ಮಾತು ನಮ್ಮ ಕೊಪ್ಪಳ ಜಿಲ್ಲೆಗೂ ಸಂಬಂಧಿಸಿದ್ದೇ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಬಣ್ಣ ತುಂಬಿ ಮಾಡುವ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅಂಥ ಗೊಂಬೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟರೆ ಕೊಳ್ಳುವವರು ಚೌಕಾಸಿಗೆ ಇಳಿಯುತ್ತಾರೆ. ಗಟ್ಟಿಯಾದ ಪೆಟ್ಟಿಗೆಯಲ್ಲಿಟ್ಟು, ಮಾಡಿದವರ ಹೆಸರು, ಊರು, ಕಲೆಯ ಕಥೆ ಇರುವ ಚೀಟಿ ಜೊತೆಗಿಟ್ಟರೆ ಅದೇ ಗೊಂಬೆ ಮದುವೆಗೂ ಗೃಹಪ್ರವೇಶಕ್ಕೂ ಉಡುಗೊರೆಯಾಗುತ್ತದೆ. ಮೈಸೂರು ಸ್ಯಾಂಡಲ್ ಸೋಪನ್ನು ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿಟ್ಟು ಮಾರಿದವರು ಈ ಗುಟ್ಟನ್ನು ನೂರು ವರ್ಷದ ಹಿಂದೆಯೇ ಅರಿತಿದ್ದರು.

ಪೆಟ್ಟಿಗೆಗಾಗಿ ದೂರ ಹೋಗಬೇಕಿಲ್ಲ. ನಮ್ಮ ಮರಳಿಗೆ ಹತ್ತಿರದ ಆನೆಗೊಂದಿಯಲ್ಲಿ ಮಹಿಳೆಯರು ಬಾಳೆನಾರಿನಿಂದ ಚೀಲ, ಬುಟ್ಟಿ, ಪೆಟ್ಟಿಗೆ ಹೆಣೆಯುತ್ತಾರೆ. ಗೊನೆ ಕಡಿದ ಮೇಲೆ ಕಸವಾಗುವ ದಿಂಡೇ ಅವರ ಬಂಡವಾಳ. ಕಿನ್ನಾಳದ ಗೊಂಬೆ ಆನೆಗೊಂದಿಯ ಪೆಟ್ಟಿಗೆಯಲ್ಲಿ ಕೂತರೆ ಎರಡೂ ಊರಿನ ಕೈಗಳಿಗೆ ಕೆಲಸ.

ಇವೆರಡನ್ನೂ ಜೋಡಿಸುವವರು ಬೇಕು. ಅಳತೆ ಹಾಕುವುದು, ವಿನ್ಯಾಸ ಮಾಡುವುದು, ಲೆಕ್ಕ ನೋಡುವುದು, ಆನ್‌ಲೈನ್‌ನಲ್ಲಿ ಮಾರುವುದು, ಒಡೆಯದಂತೆ ತಲುಪಿಸುವುದು ಎಲ್ಲವೂ ಓದಿದವರು ಮಾಡಬಹುದಾದ ಉದ್ಯೋಗಗಳೇ. 1966ರಲ್ಲಿ ಆರಂಭವಾದ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆ ಪದವೀಧರರಿಗೆ ಇದನ್ನೇ ಕಲಿಸುತ್ತಿದೆ. ಪದವಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಮುನ್ನ ನಾವು ಇತ್ತಲೂ ಒಮ್ಮೆ ನೋಡಬೇಕು.

ಎಚ್ಚರವೂ ಬೇಕು. ಡಬ್ಬಿಯ ಖರ್ಚು ಕಲಾವಿದರ ಕೂಲಿಯನ್ನು ನುಂಗಬಾರದು. ಮೇಲೆ ಥಳುಕು, ಒಳಗೆ ಹುಳುಕು ಆದರೆ ಗಿರಾಕಿ ಮತ್ತೊಮ್ಮೆ ಬರುವುದಿಲ್ಲ. ಮೊದಲ ಹೆಜ್ಜೆಯನ್ನು ನಮ್ಮ ಕಾಲೇಜುಗಳೇ ಇಡಲಿ. ವಾರ್ಷಿಕೋತ್ಸವದ ಅತಿಥಿಗಳಿಗೆ ಪ್ಲಾಸ್ಟಿಕ್ ಸ್ಮರಣಿಕೆಯ ಬದಲು, ಬಾಳೆನಾರಿನ ಪೆಟ್ಟಿಗೆಯಲ್ಲಿಟ್ಟ ಕಿನ್ನಾಳದ ಗೊಂಬೆಯನ್ನು ಕೊಡಲಿ.